ಮಡಿ ಬೇರೆ, ಶುಚಿ ಬೇರೆ

(ಹಾಸನದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಮಡಿ ಅನ್ನೋ ಮಾತು ನಮಗೆ ಚೆನ್ನಾಗಿ ಗೊತ್ತು. ಆ ಮಾತು ಹೇಳಿಯೇ ನಮ್ಮನ್ನು ಬಾವಿಯಿಂದ, ಗುಡಿಯಿಂದ ಹೊರಗಿಟ್ಟರು. ನಮ್ಮ ಕೇರಿಯ ಬಟ್ಟೆಯನ್ನು ಮಡಿವಾಳರು ಮುಟ್ಟಬಾರದೆಂದು ಕಟ್ಟುಮಾಡಿದರು. ಇವತ್ತು ನಾವು ಮಾತಾಡ್ತಿರೋದು ಮಡಿಯ ಬಗ್ಗೆ ಅಲ್ಲ, ಶುಚಿಯ ಬಗ್ಗೆ. ಮಡಿ ಜಾತಿ ಕೇಳುತ್ತೆ. ರೋಗಾಣು ಕೇಳಲ್ಲ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಒಂದು ಸತ್ಯ ಕಂಡ. ಹೆಣ ಕೊಯ್ದು ಬಂದ ಡಾಕ್ಟರುಗಳ ಕೈಯೇ ಬಾಣಂತಿಯರಿಗೆ ಸಾವು ತರ್ತಿತ್ತು. ಕ್ಲೋರಿನ್ ನೀರಲ್ಲಿ ಕೈ ತೊಳೆಸಿದ, ಸಾವು ಇಳೀತು. ಆದರೂ ಬಹಳ ಜನ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ಕೊಳಕು ಯಾವಾಗಲೂ ಇನ್ನೊಬ್ಬರದು ಅನ್ನೋ ಹಮ್ಮು ಅಷ್ಟು ಗಟ್ಟಿ.

ಕೈಯ ಮಾತು ಬಟ್ಟೆಗೂ ಸಲ್ಲುತ್ತೆ. ಕೀವು ಹುಟ್ಟಿಸೋ ರೋಗಾಣು ಒಣಬಟ್ಟೆಯ ಮೇಲೂ ದಿನಗಟ್ಟಲೆ ಬದುಕಬಲ್ಲದು. ರೋಗಿಯ ಹೊದಿಕೆ ಆಸ್ಪತ್ರೆಯ ಲಾಂಡ್ರಿಗೆ ಹೋಗುತ್ತೆ. ಅದೇ ವಾರ್ಡಿನ ರಕ್ತ ಒರೆಸಿದ ತಾಯಿಯ ಸೀರೆ ಎಲ್ಲಿಗೆ ಹೋಗುತ್ತೆ? ಬಸ್ಸು ಹತ್ತಿ ಹೊಳೆನರಸೀಪುರಕ್ಕೆ, ಅರಕಲಗೂಡಿಗೆ, ಚನ್ನರಾಯಪಟ್ಟಣಕ್ಕೆ ಹೋಗುತ್ತೆ. ಮನೇಲಿ ಮಗುವಿನ ಅಂಗಿ ಜೊತೆ ಒಂದೇ ಬಕೆಟ್ಟಿಗೆ ಬೀಳುತ್ತೆ. ಆ ತಾಯಿ ಬಹುಪಾಲು ನಮ್ಮ ಕೇರಿಯವಳು, ಗುತ್ತಿಗೆ ಕೂಲಿಯವಳು.

ನಮ್ಮಲ್ಲಿ ನರ್ಸಿಂಗ್ ಓದೋರು ಇದ್ದೀರಿ. ಯೂನಿಫಾರ್ಮನ್ನು ಆಸ್ಪತ್ರೆಯಲ್ಲೇ ಬದಲಿಸಿ, ಬೇರೆ ಚೀಲದಲ್ಲಿ ತನ್ನಿ. ಕೊಡವಬೇಡಿ. ಬೇರೆ ಬಟ್ಟೆ ಜೊತೆ ಬೆರೆಸಬೇಡಿ. ಮೊದಲು ಬಿಸಿನೀರು, ಸೋಪಿನಲ್ಲಿ ಒಗೀರಿ. ಯಾಕೆಂದರೆ ರಕ್ತ, ಕೊಳೆ ಉಳಿದಿದ್ದರೆ ಕ್ಲೋರಿನ್ನಿನ ಬಲ ಕುಂದುತ್ತೆ. ಆಮೇಲೆ ಬಿಳಿ ಬಟ್ಟೆಯನ್ನು ಬ್ಲೀಚಿಂಗ್ ಪೌಡರಿನ ನೀರಲ್ಲಿ 30 ನಿಮಿಷ ನೆನೆಸಿ. ಶೇ. 30 ಕ್ಲೋರಿನ್ ಇರೋ ಪುಡಿಯಾದರೆ 10 ಲೀಟರಿಗೆ ಸುಮಾರು 17 ಗ್ರಾಂ ಸಾಕು. ಆಸಿಡ್ ಮಾತ್ರ ಬೆರೆಸಬೇಡಿ, ವಿಷಗಾಳಿ ಏಳುತ್ತೆ. ಜಾಲಿಸಿ, ಬಿಸಿಲಿಗೆ ಹರವಿ, ಪೂರ್ತಿ ಒಣಗಿಸಿ.

ಆದರೆ ಇದು ಇವತ್ತಿನ ಮಟ್ಟಿಗಿನ ಉಪಾಯ, ನ್ಯಾಯ ಅಲ್ಲ. ಆಸ್ಪತ್ರೆಯ ಕೊಳೆ ಒಗೆಯೋದು ಆಸ್ಪತ್ರೆಯ ಕೆಲಸ, ಬಡವಳ ಬಚ್ಚಲಿನದಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಏನು ಹೇಳುತ್ತೆ? ಆ ಕಸ ಮುಟ್ಟೋ ಪ್ರತಿಯೊಬ್ಬರಿಗೂ ಹೆಪಟೈಟಿಸ್-ಬಿ, ಧನುರ್ವಾಯು ಲಸಿಕೆ ಹಾಕಿಸಬೇಕು, ಗ್ಲೌಸು ಮುಂತಾದ ರಕ್ಷಣೆ ಕೊಡಬೇಕು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು. ಇದನ್ನು ಆ ತಾಯಂದಿರಿಗೆ ಓದಿ ಹೇಳೋರು ಯಾರು? ಓದು ಕಲಿತ ನಾವೇ.

ಅವರ ಜೊತೆ ನಿಂತು ಕೇಳೋಣ: ಪ್ರತಿಯೊಬ್ಬರಿಗೂ ಬದಲಿ ಯೂನಿಫಾರ್ಮು, ಬಟ್ಟೆ ಬದಲಿಸೋಕೆ ಕೋಣೆ, ಒಗೆಯೋಕೆ ಆಸ್ಪತ್ರೆಯದೇ ಲಾಂಡ್ರಿ. ಊರನ್ನು ಶುಚಿಯಾಗಿಟ್ಟವರ ಮಕ್ಕಳು ಊರಿನ ರೋಗ ಹೊರಬೇಕಾಗಿಲ್ಲ.

ಜೈ ಭೀಮ್.