ಸಾಧನವು ಯಾರ ಸೂರಿನಡಿ?



ಕೌಟುಂಬಿಕ ಹಿಂಸೆಯ ವಿರುದ್ಧದ 2005ರ ಅಧಿನಿಯಮವು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದುದು, ಅದು ಹೊಡೆತದೊಡನೆ ಬೈಗುಳವನ್ನೂ ಸ್ತ್ರೀಧನದ ಅಪಹರಣವನ್ನೂ ಹಿಂಸೆಯೆಂದೇ ಗಣಿಸುವುದು, ಇವೆಲ್ಲ ಕೈಪಿಡಿಗಳಲ್ಲಿ ದೊರೆಯುವ ಸಂಗತಿಗಳಾದಕಾರಣ ಅವುಗಳನ್ನು ದಾಟಿ ಮುಂದುವರಿಯುತ್ತೇನೆ.

ಹೆಣ್ಣಿನ ಕೈಗೆ ದುಡ್ಡು ಬಂದೊಡನೆ ಗಂಡಿನ ಕೈ ತಾನಾಗಿಯೇ ತಗ್ಗುವುದೆಂಬುದು ಮಹಿಳಾ ಸ್ವಸಹಾಯ ಸಂಘಗಳಿಗಾಗಿ ಬಂದ ಸ್ತ್ರೀಶಕ್ತಿ ಯೋಜನೆಯ ಆರಂಭಕಾಲದಿಂದಲೂ ಬಹುಮಂದಿಯ ನಂಬುಗೆ. ಇದನ್ನು ಒಪ್ಪದವರಾದರೋ, ಸಾಲ ಹೆಂಡತಿಯ ಹೆಸರಿನಲ್ಲಿ, ಖರ್ಚು ಗಂಡನ ಕೈಯಲ್ಲಿ, ಕಂತು ಮಾತ್ರ ಮತ್ತೆ ಹೆಂಡತಿಯ ತಲೆಗೆ ಎನ್ನುತ್ತಾರೆ. ಈ ಅನುಭವ ಸತ್ಯವೇ. ಆದರೆ ದುಡಿಮೆಯಿಂದೇನೂ ಆಗದು, ಕಾಯಿದೆಯೊಂದೇ ಗತಿ ಎಂಬ ಅವರ ನಿರ್ಣಯವು ಆತುರದ್ದು. ಎಷ್ಟು ಗಳಿಸಿದಳೆಂದು ಉಭಯರೂ ಕೇಳುವರೇ ಹೊರತು, ಗಳಿಕೆಯ ಸಾಧನವು ಯಾರ ಸೂರಿನಡಿ ಇದೆಯೆಂದು ಕೇಳುವವರಿಲ್ಲ.

ನವಲಗುಂದದ ಜಮಖಾನವನ್ನು ನೋಡಿರಿ. ಹೆಣ್ಣುಮಕ್ಕಳೇ ನೇಯುವ ಈ ಕಸುಬನ್ನು ಮಗಳಿಗೆ ಹೇಳಿಕೊಡದೆ ಸೊಸೆಗೆ ಹೇಳಿಕೊಡುವ ಪದ್ಧತಿಯೊಂದಿತ್ತು. ಮಗಳು ವಿದ್ಯೆಯನ್ನೂ ಕೊಟ್ಟ ಮನೆಗೆ ಒಯ್ದಾಳೆಂಬ ಅಂಜಿಕೆ. ಕಸುಬಿನ ಗುಟ್ಟು ಕಾಯುವ ಜಾಣತನವೆಂದು ಇದನ್ನು ಹೊಗಳುವವರೊಡನೆ ನಾನು ದನಿಗೂಡಿಸಲಾರೆ. ಅತ್ತೆಯಿಂದ ಕಲಿತು ಗಂಡನ ಮನೆಯ ಮಗ್ಗದಲ್ಲಿ ನೇಯುವ ಸೊಸೆಯು, ಪೆಟ್ಟು ತಾಳಲಾರದೆ ಹೊಸ್ತಿಲು ದಾಟಿದಳೆಂದರೆ, ಕೈಯ ಕೌಶಲ ಅವಳೊಡನೆ ಹೋದೀತು, ಮಗ್ಗ ಹೋಗದು. ಇದು ಆ ನೇಕಾರ ಮನೆತನಗಳ ಮೇಲಿನ ಆಕ್ಷೇಪವೆಂದು ಯಾರೂ ಭಾವಿಸಬಾರದು. ಎರೆಸೀಮೆಯ ಒಕ್ಕಲಗಿತ್ತಿಯ ಎಮ್ಮೆಯೂ ಹೊಲಿಗೆಯಂತ್ರವೂ ಅದೇ ಗೋಡೆಗಳೊಳಗೆ ಸಿಲುಕಿರತಕ್ಕವು. ಆದುದರಿಂದಲೇ, ಒಡೆತನವಿರಲಿ ಬಿಡಲಿ, ಕೂಡಿ ಬಾಳಿದ ಮನೆಯಲ್ಲಿ ಅವಳಿಗೆ ವಾಸದ ಹಕ್ಕುಂಟೆನ್ನುವ, ಮೇಲೆ ಹೇಳಿದ ಅಧಿನಿಯಮದ 17ನೆಯ ಕಲಮನ್ನೂ, ಹೊಡೆದವನೇ ಹೊರಬೀಳಲೆಂದು ಆಜ್ಞಾಪಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಡುವ 19ನೆಯ ಕಲಮನ್ನೂ ನಾನು ಜೀವನಾಂಶದ ಕಲಮಿಗಿಂತ ಮೇಲೆಂದು ಎಣಿಸುತ್ತೇನೆ. ರಾಜಿಗೆ ಕುಳಿತ ಹಿರಿಯರು 'ನಾಕ್ ದಿನಾ ತವರಮನಿಗೆ ಹೋಗಿ ಬಾರವ್ವಾ' ಎಂದು ಮೆತ್ತಗೆ ನುಡಿದಾಗ ಮನೆ, ಮಗ್ಗ, ಸಾಕ್ಷಿ ಮೂರೂ ಹೊಡೆದವನ ಪಾಲಾಗುವುವು. ಇಂಥ ರಾಜಿಯನ್ನು ನಮ್ಮ ಸಂಸ್ಕೃತಿಯ ಸೌಮ್ಯತೆಯೆಂದು ಬಣ್ಣಿಸುವ ವಿದ್ವಾಂಸರು ಒಮ್ಮೆಯಾದರೂ ಹಾಗೆ ತವರಿಗೆ ಹೋದವಳ ಮಾತನ್ನು ಕೇಳಬೇಕಾಗಿತ್ತು.

ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ 2018ರಲ್ಲಿ ಹುಟ್ಟಿ, ಸಹಜ ಸಮೃದ್ಧ ಎಂಬ ಸಂಸ್ಥೆಯ ನೆರವಿನಿಂದ ಬೆಳೆದ ಬೀಬಿ ಫಾತಿಮಾ ಸ್ವಸಹಾಯ ಸಂಘವು ಸಿರಿಧಾನ್ಯದ ಬೀಜ ಬ್ಯಾಂಕನ್ನೂ ಸಂಸ್ಕರಣ ಘಟಕವನ್ನೂ ನಡೆಸಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಗೆ ಪಾತ್ರವಾಯಿತು. ಅದನ್ನು ಕಟ್ಟಿದುದು ಹಿಂಸಾನಿವಾರಣೆಗೆಂದು ನಾನು ಹೇಳುತ್ತಿಲ್ಲ. ಆದರೂ ನವಣಿ, ಸಾವಿಗಳನ್ನು ಹಸನುಮಾಡುವ ಅಲ್ಲಿಯ ಯಂತ್ರವನ್ನು ನಡೆಸತಕ್ಕದ್ದು ಸಂಘವೇ ಹೊರತು ಯಾವೊಬ್ಬಳ ಗಂಡನೂ ಅಲ್ಲವಾದಕಾರಣ, ಸಂಸಾರ ಮುರಿದರೂ ದುಡಿಮೆ ಮುರಿಯದಂಥ ವ್ಯವಸ್ಥೆಗೆ ಅದು ಮಾದರಿಯಾಗಬಲ್ಲುದು. ತಮ್ಮ ಪಡಸಾಲೆಯನ್ನೇ ಓಣಿಯ ಹೆಣ್ಣುಮಕ್ಕಳ ಹೊಲಿಗೆಗೆ ಬಿಟ್ಟುಕೊಟ್ಟಿದ್ದ ಮಾತೃಶ್ರೀಯವರಿಗೆ, ಯಾರ ಸ್ಮರಣೆಗಾಗಿ ಈ ದತ್ತಿ ಉಪನ್ಯಾಸವು ಏರ್ಪಟ್ಟಿದೆಯೋ ಅವರಿಗೆ, ಈ ತತ್ತ್ವವು ಗ್ರಂಥದ ಹಂಗಿಲ್ಲದೆಯೇ ತಿಳಿದಿತ್ತು.

ಹೀಗೆ ಸಂಘದಲ್ಲಿ ಕೂಡಿ ದುಡಿಯುವುದರಿಂದ ಇನ್ನೊಂದು ಲಾಭವುಂಟು. ನೋಂದಣಿಯಿಲ್ಲದ ಸಂಘವು ಕಾಯಿದೆಯ ಪ್ರಕಾರ ಸೇವಾದಾತೃ ಸಂಸ್ಥೆಯಾಗಲಾರದು. ಆದರೆ 4ನೆಯ ಕಲಮಿನನ್ವಯ ಸದುದ್ದೇಶದಿಂದ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಲು ಯಾರಿಗೂ ಅಡ್ಡಿಯಿಲ್ಲ, ಮುಟ್ಟಿಸಿದವರ ಮೇಲೆ ಹೊಣೆಯೂ ಬರುವುದಿಲ್ಲ. ದಿನವೂ ಗಿರಣಿಗೆ ಬರುವವಳು ಬಾರದಿದ್ದರೆ ವಿಚಾರಿಸುವವರುಂಟು. ಮನೆಯೊಳಗೆ ಒಬ್ಬಳೇ ನೇಯುವವಳನ್ನು ವಿಚಾರಿಸುವವರಾರು? ಮಗ್ಗ ಮನೆಯಲ್ಲಿದ್ದರೆ ಮಕ್ಕಳನ್ನೂ ನೋಡಿಕೊಳ್ಳಬಹುದೆಂಬ ಆಕ್ಷೇಪವನ್ನು ಬಲ್ಲೆ. ಅಂಗನವಾಡಿಯ ಪಕ್ಕದಲ್ಲಿ ಒಂದು ಕೋಣೆ ಕಟ್ಟಿಸಿ, ಅದನ್ನು ಪಂಚಾಯಿತಿಯ ದಫ್ತರದಲ್ಲಿ ಸಂಘದ ಉಪಯೋಗಕ್ಕೆಂದೇ ಬರೆಯಿಸುವುದು ಸಾಧ್ಯವಾದ ಊರಲ್ಲಿ ಆ ಆಕ್ಷೇಪಕ್ಕೆ ಎಡೆಯಿಲ್ಲ.