ಈಡನ್ ಕಣಿವೆಯ ಸ್ಥಳೀಯ ಆಡಳಿತ

ಜಿಲ್ಲೆ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಜಿಲ್ಲಾಧಿಕಾರಿಗಳ ಕಚೇರಿ. ಕಂದಾಯ, ಶಾಂತಿಪಾಲನೆ, ಬರಗಾಲದ ಪರಿಹಾರ, ಚುನಾವಣೆ, ಎಲ್ಲ ದಾರಿಗಳೂ ಕೊನೆಗೆ ಆ ಕಚೇರಿಯ ಮೆಟ್ಟಿಲನ್ನೇ ಮುಟ್ಟುತ್ತವೆ. ಇಂಗ್ಲಿಷಿನಲ್ಲಿ ಇದನ್ನು ಡಿಸ್ಟ್ರಿಕ್ಟ್ ಎನ್ನುತ್ತೇವೆ. ಆದರೆ ಅದೇ ಹೆಸರು ಹೊತ್ತ ಇಂಗ್ಲೆಂಡಿನ ಡಿಸ್ಟ್ರಿಕ್ಟಿಗೆ ಹೋಗಿ ಜಿಲ್ಲಾಧಿಕಾರಿಗಳು ಎಲ್ಲಿದ್ದಾರೆ ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. ಅಂತಹ ಅಧಿಕಾರಿ ಅಲ್ಲಿ ಇಲ್ಲವೇ ಇಲ್ಲ. ಲಂಡನ್ನಿನಿಂದ ಬಂದ ಒಬ್ಬ ಅಧಿಕಾರಿ ಊರಿನ ಎಲ್ಲವನ್ನೂ ನೋಡಿಕೊಳ್ಳುವ ಏರ್ಪಾಡು ಆ ದೇಶದಲ್ಲಿ ಬೇರೂರಲಿಲ್ಲ. ಅಲ್ಲಿರುವುದು ಜನ ಆರಿಸಿದ ಒಂದು ಸಭೆ, ಮತ್ತು ಆ ಸಭೆ ಸಂಬಳ ಕೊಟ್ಟು ಇಟ್ಟುಕೊಂಡ ನೌಕರವರ್ಗ. ಹಾಗಾದರೆ ಅಲ್ಲಿ ಕೆಲಸ ನಡೆಯುವುದು ಹೇಗೆ? ಒಂದು ಡಿಸ್ಟ್ರಿಕ್ಟನ್ನೇ ಹಿಡಿದು ನೋಡೋಣ.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಈಡನ್ ಎಂಬ ನದಿ ಹರಿಯುತ್ತದೆ. ಪೂರ್ವಕ್ಕೆ ಪೆನೈನ್ ಬೆಟ್ಟಸಾಲು, ಪಶ್ಚಿಮಕ್ಕೆ ಸರೋವರಗಳ ನಾಡು. ನಡುವೆ ಕುರಿಗಳು ಮೇಯುವ ಹಸಿರು ಕಣಿವೆ. 1974ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರವರೆಗೆ, ಸರಿಯಾಗಿ 49 ವರ್ಷ, ಈ ಪ್ರದೇಶ ಈಡನ್ ಡಿಸ್ಟ್ರಿಕ್ಟ್ ಎನಿಸಿಕೊಂಡಿತ್ತು. ವಿಸ್ತಾರ 2,100 ಚದರ ಕಿಲೋಮೀಟರಿಗೂ ಹೆಚ್ಚು. ಜನಸಂಖ್ಯೆಯೋ, 2021ರ ಗಣತಿಯಂತೆ ಸುಮಾರು 54,700. ಚದರ ಕಿಲೋಮೀಟರಿಗೆ ಇಪ್ಪತ್ತೈದು ಮಂದಿ! ಇಂಗ್ಲೆಂಡಿನಲ್ಲಿ ಇಷ್ಟು ವಿರಳವಾಗಿ ಜನರಿದ್ದ ಡಿಸ್ಟ್ರಿಕ್ಟ್ ಇನ್ನೊಂದಿರಲಿಲ್ಲ. ಪೆನ್ರಿತ್ ಇದರ ಮುಖ್ಯ ಪಟ್ಟಣ. ಆಪಲ್‌ಬಿ, ಕರ್ಕ್‌ಬಿ ಸ್ಟೀಫನ್, ಬೆಟ್ಟದ ಮೇಲಿನ ಆಲ್‌ಸ್ಟನ್ ಉಳಿದ ಸಣ್ಣ ಪೇಟೆಗಳು. ಮಿಕ್ಕಿದ್ದೆಲ್ಲ ಹಳ್ಳಿ, ಒಂಟಿಮನೆ, ಗೋಮಾಳ.

ಈ ಆಡಳಿತದ ಕೆಳಗಿನ ಮೆಟ್ಟಿಲು ಪ್ಯಾರಿಷ್. ಮೊದಲು ಇದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ ಹೆಸರು. ಬಡವರ ಪೋಷಣೆ, ದಾರಿಯ ದುರಸ್ತಿ ಮುಂತಾದ ಲೌಕಿಕ ಕೆಲಸಗಳನ್ನೂ ಶತಮಾನಗಳ ಕಾಲ ಚರ್ಚಿನ ಸಭೆಯೇ ನೋಡಿಕೊಳ್ಳುತ್ತಿತ್ತು. ಪಾದ್ರಿಯೇ ಅದರ ಅಧ್ಯಕ್ಷ. ಕೌಂಟಿಯ ಮಟ್ಟದಲ್ಲಿಯೂ ಚುನಾವಣೆ ಎಂಬುದಿರಲಿಲ್ಲ. ಜಮೀನುದಾರರ ಮನೆತನಗಳಿಂದ ಬಂದ ಮ್ಯಾಜಿಸ್ಟ್ರೇಟರೇ ರಸ್ತೆ, ಸೇತುವೆ, ಸೆರೆಮನೆಗಳ ಉಸ್ತುವಾರಿ ನಡೆಸುತ್ತಿದ್ದರು. 1888ರ ಕಾಯಿದೆ ಕೌಂಟಿಗಳಿಗೆ ಚುನಾಯಿತ ಸಭೆಗಳನ್ನು ಕೊಟ್ಟಿತು. 1894ರ ಕಾಯಿದೆ ಇನ್ನೂ ಕೆಳಗಿಳಿದು ಪ್ಯಾರಿಷ್ ಸಭೆಗಳನ್ನೂ ಡಿಸ್ಟ್ರಿಕ್ಟ್ ಸಭೆಗಳನ್ನೂ ಹುಟ್ಟಿಸಿತು. ಮುನ್ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಗ್ರಾಮೀಣ ಪ್ಯಾರಿಷ್ ತನ್ನ ಕೌನ್ಸಿಲನ್ನು ಆರಿಸಿಕೊಳ್ಳಬೇಕು. ತೀರ ಸಣ್ಣ ಊರಿಗೆ ಕೌನ್ಸಿಲ್ ಬೇಡ. ಮತದಾರರೆಲ್ಲ ಒಂದೆಡೆ ಕೂಡಿ ತೀರ್ಮಾನಿಸಿದರೆ ಸಾಕು. ಪಾರ್ಲಿಮೆಂಟಿಗೆ ಹೆಂಗಸರು ಓಟು ಹಾಕಲು ಇನ್ನೂ ಕಾಲು ಶತಮಾನ ಕಾಯಬೇಕಾಗಿದ್ದ ಆ ದಿನಗಳಲ್ಲಿ, ವಿವಾಹಿತ ಹೆಂಗಸರಿಗೂ ಈ ಊರ ಸಭೆಗಳಲ್ಲಿ ಮತ ಕೊಡುವ, ಸದಸ್ಯರಾಗುವ ಹಕ್ಕು ದೊರೆಯಿತು ಎಂಬುದನ್ನು ನಮ್ಮ ಶ್ರೋತೃ ಸಹೋದರಿಯರು ವಿಶೇಷವಾಗಿ ಗಮನಿಸಬೇಕು.

ಪ್ಯಾರಿಷ್ ಕೌನ್ಸಿಲಿನಲ್ಲಿ ಕನಿಷ್ಠ ಐವರು ಸದಸ್ಯರು. ವರ್ಷಕ್ಕೆ ನಾಲ್ಕು ಬಾರಿಯಾದರೂ ಸೇರಬೇಕು. ಲೆಕ್ಕಪತ್ರಕ್ಕೆ ಒಬ್ಬ ಗುಮಾಸ್ತ, ಅನೇಕ ಕಡೆ ಅರೆಕಾಲದವನು. ಸ್ಮಶಾನ, ಆಟದ ಬಯಲು, ಬಸ್ಸಿಗೆ ಕಾಯುವ ತಂಗುದಾಣ, ಕಾಲುದಾರಿ, ಊರ ಸಭಾಮಂದಿರ ಇವೇ ಇವರ ರಾಜ್ಯಭಾರ. ಯಾರಾದರೂ ಹೊಸ ಮನೆ ಕಟ್ಟಲು ಅರ್ಜಿ ಹಾಕಿದರೆ ತಮ್ಮ ಅಭಿಪ್ರಾಯವನ್ನು ತಿಳಿಸಬಹುದು. ಒಪ್ಪಿಗೆ ಕೊಡುವ ಅಧಿಕಾರ ಮಾತ್ರ ಇಲ್ಲ. ಕೌನ್ಸಿಲಿನ ಸಭೆಗಳಲ್ಲದೆ, ಮಾರ್ಚ್ 1 ಮತ್ತು ಜೂನ್ 1ರ ನಡುವೆ ವರ್ಷಕ್ಕೊಮ್ಮೆ ಊರಿನ ಮತದಾರರ ಸಭೆಯೂ ನಡೆಯಲೇಬೇಕು. ಅಲ್ಲಿ ಯಾವ ಮತದಾರನಾದರೂ ಎದ್ದು ನಿಂತು ಪ್ರಶ್ನೆ ಕೇಳಬಹುದು.

ಇದರ ಮೇಲಿನ ಮೆಟ್ಟಿಲು ಡಿಸ್ಟ್ರಿಕ್ಟ್ ಕೌನ್ಸಿಲ್. ಈಡನ್ನಿನ ಕೌನ್ಸಿಲಿಗೆ 38 ಸದಸ್ಯರು, ಪೆನ್ರಿತ್ತಿನಲ್ಲಿ ಕಚೇರಿ. ಇನ್ನೂ ಮೇಲೆ ಕಂಬ್ರಿಯ ಕೌಂಟಿ ಕೌನ್ಸಿಲ್. ಇವೆರಡರ ನಡುವೆ ಕೆಲಸ ಹಂಚಿದ್ದ ರೀತಿ ಸ್ವಾರಸ್ಯವಾಗಿದೆ. ಶಾಲೆ, ರಸ್ತೆ, ಪುಸ್ತಕಾಲಯ, ವೃದ್ಧರ ಮತ್ತು ಅನಾಥರ ಆರೈಕೆ ಕೌಂಟಿಯದು. ಕಟ್ಟಡದ ಅನುಮತಿ, ಆಹಾರದ ಅಂಗಡಿಗಳ ನೈರ್ಮಲ್ಯ, ಮನೆಯಿಲ್ಲದವರಿಗೆ ನೆರಳು, ಕರ ವಸೂಲಿ ಡಿಸ್ಟ್ರಿಕ್ಟಿನದು. ಮನೆಬಾಗಿಲಿನ ಕಸವನ್ನು ಎತ್ತುವವರು ಡಿಸ್ಟ್ರಿಕ್ಟಿನವರು. ಎತ್ತಿದ ಕಸವನ್ನು ವಿಲೇವಾರಿ ಮಾಡುವವರು ಕೌಂಟಿಯವರು! ಇದರ ಮೇಲೆ, ಕಣಿವೆಯ ಒಂದು ದೊಡ್ಡ ಭಾಗ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದೊಳಗಿದೆ. 2016ರಲ್ಲಿ ಯಾರ್ಕ್‌ಷೈರ್ ಡೇಲ್ಸ್ ಉದ್ಯಾನವೂ ಇತ್ತ ಕಡೆಗೆ ಕಾಲು ಚಾಚಿತು. ಉದ್ಯಾನದ ಗಡಿಯೊಳಗೆ ಮನೆ ಕಟ್ಟುವವನು ಅನುಮತಿಗೆ ಡಿಸ್ಟ್ರಿಕ್ಟಿನ ಕಡೆ ನೋಡಿದರೆ ಆಗದು; ಉದ್ಯಾನದ ಪ್ರಾಧಿಕಾರವನ್ನೇ ಕೇಳಬೇಕು.

ಹಣದ ಮಾತು ಏನು? 1993ರಿಂದ ಪ್ರತಿ ಮನೆಗೂ ಕೌನ್ಸಿಲ್ ಟ್ಯಾಕ್ಸ್ ಎಂಬ ಕರವಿದೆ. 1991ರ ಏಪ್ರಿಲಿನಲ್ಲಿ ಮನೆಗಿದ್ದ ಬೆಲೆಯನ್ನು ಆಧಾರವಾಗಿಟ್ಟುಕೊಂಡು ಮನೆಗಳನ್ನು ಎಂಟು ದರ್ಜೆಗಳಾಗಿ ವಿಂಗಡಿಸಿದ್ದಾರೆ. ಡಿಸ್ಟ್ರಿಕ್ಟಿನವರು ಕಳುಹಿಸುತ್ತಿದ್ದ ಒಂದೇ ಬಿಲ್ಲಿನಲ್ಲಿ ಕೌಂಟಿಯ ಪಾಲು, ಪೋಲೀಸಿನ ಪಾಲು, ಡಿಸ್ಟ್ರಿಕ್ಟಿನ ಪಾಲು, ಪ್ಯಾರಿಷಿನ ಪಾಲು ಬೇರೆ ಬೇರೆಯಾಗಿ ಕಾಣುತ್ತಿದ್ದವು. ಸಿಂಹಪಾಲು ಕೌಂಟಿಗೆ. ಆದರೆ ಬಿಲ್ಲಿನ ಮೇಲೆ ಡಿಸ್ಟ್ರಿಕ್ಟಿನ ಹೆಸರಿದ್ದುದರಿಂದ ಬೈಗುಳ ಮೊದಲು ಬರುತ್ತಿದ್ದುದು ಅದಕ್ಕೇ. ಪ್ಯಾರಿಷಿನ ಪಾಲು ಸಣ್ಣದಾದರೂ ಅದರಲ್ಲೊಂದು ಗುಣವಿದೆ. ಕೊಟ್ಟ ದುಡ್ಡು ಯಾವ ಬೆಂಚಾಯಿತು, ಯಾವ ದೀಪವಾಯಿತು ಎಂಬುದನ್ನು ಕೊಟ್ಟವನು ತನ್ನ ಕಣ್ಣಿನಿಂದಲೇ ನೋಡಬಹುದು.

ಇಷ್ಟು ಮೆಟ್ಟಿಲುಗಳು ಏತಕ್ಕೆ, ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಆ ದೇಶದಲ್ಲಿಯೂ ಈ ಪ್ರಶ್ನೆಯನ್ನು ಬಹಳ ಮಂದಿ ಕೇಳಿದ್ದಾರೆ. 2015ರ ಡಿಸೆಂಬರಿನ ಮೊದಲ ವಾರದಲ್ಲಿ ಡೆಸ್ಮಂಡ್ ಎಂಬ ಬಿರುಗಾಳಿ ಮಳೆ ಕಂಬ್ರಿಯವನ್ನು ಅಪ್ಪಳಿಸಿತು. ಆಪಲ್‌ಬಿಯ ಬೀದಿಗಳಲ್ಲಿ ಈಡನ್ ನದಿ ಹರಿಯಿತು. ಅಲ್ಸ್‌ವಾಟರ್ ಸರೋವರದ ತುದಿಯಲ್ಲಿರುವ ಪೂಲಿ ಬ್ರಿಜ್ ಎಂಬ ಹಳ್ಳಿಯಲ್ಲಿ 1764ರ ಕಲ್ಲುಸೇತುವೆ, ಊರಿಗೆ ಹೆಸರು ಕೊಟ್ಟ ತಾಣದ ಸೇತುವೆಯೇ, ಕೊಚ್ಚಿಹೋಯಿತು. ಈಗ ಒಬ್ಬ ಮನೆಯವನ ಪಾಡನ್ನು ಯೋಚಿಸಿ. ನದಿಯ ವಿಚಾರ ಕೇಂದ್ರದ ಪರಿಸರ ಸಂಸ್ಥೆಗೆ ಸೇರಿದ್ದು. ಸೇತುವೆ ಕೌಂಟಿಯದು. ಕರದಲ್ಲಿ ರಿಯಾಯಿತಿ, ಮುಂದಿನ ನೆರೆಗೆ ಮನೆಯನ್ನು ಭದ್ರಪಡಿಸಿಕೊಳ್ಳುವ ಸಹಾಯಧನ, ಇವುಗಳ ಅರ್ಜಿ ಡಿಸ್ಟ್ರಿಕ್ಟಿಗೆ. ಮೈಯೆಲ್ಲ ಕೆಸರಾಗಿ ನಿಂತವನಿಗೆ ಯಾವ ಬಾಗಿಲು ತಟ್ಟಬೇಕೆಂಬುದೇ ದೊಡ್ಡ ಸಮಸ್ಯೆ. ತುರ್ತಿಗೆ ತಾತ್ಕಾಲಿಕ ಸೇತುವೆಯೊಂದು 2016ರ ವಸಂತದಲ್ಲಿ ಬಂದಿತು; ತುಕ್ಕು ಹಿಡಿಯದ ಉಕ್ಕಿನ ಹೊಸ ಸೇತುವೆ ಸಂಚಾರಕ್ಕೆ ತೆರೆದದ್ದು 2020ರಲ್ಲಿ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಆಪಲ್‌ಬಿಯಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಹೆಸರಾಂತ ಕುದುರೆ ಜಾತ್ರೆ ಸೇರುತ್ತದೆ. ದೇಶದ ಮೂಲೆಮೂಲೆಯಿಂದ ಅಲೆಮಾರಿ ಜಿಪ್ಸಿ ಕುಟುಂಬಗಳು ಬಂಡಿ ಕಟ್ಟಿಕೊಂಡು ಬರುತ್ತವೆ. ನೋಡಲು ಬರುವವರ ಸಂಖ್ಯೆ ಇನ್ನೂ ಹೆಚ್ಚು. ಊರಿನ ಜನಸಂಖ್ಯೆ ಸುಮಾರು ಮೂರು ಸಾವಿರ. ನೀರು, ಶೌಚದ ವ್ಯವಸ್ಥೆ, ವಾಹನಗಳ ನಿಲ್ದಾಣ, ಕುದುರೆಗಳ ಯೋಗಕ್ಷೇಮ, ಊರವರ ಅಸಮಾಧಾನ, ಬಂದವರ ಮರ್ಯಾದೆ, ಎಲ್ಲವನ್ನೂ ತೂಗಬೇಕು. ಡಿಸ್ಟ್ರಿಕ್ಟ್, ಕೌಂಟಿ, ಪೋಲೀಸು, ಪ್ರಾಣಿದಯಾ ಸಂಘ ಒಂದೇ ಮೇಜಿನ ಸುತ್ತ ಕುಳಿತು ಇದನ್ನು ನಡೆಸಿಕೊಂಡು ಬಂದವು. ಇದು ದೂರದ ರಾಜಧಾನಿಯಲ್ಲಿ ಕುಳಿತವರು ಸುತ್ತೋಲೆ ಕಳುಹಿಸಿ ಮಾಡಬಹುದಾದ ಕೆಲಸವಲ್ಲ. ಯಾವ ಹೊಲದಲ್ಲಿ ಮಳೆನೀರು ನಿಲ್ಲುತ್ತದೆ, ಯಾವ ಓಣಿಯಲ್ಲಿ ಬಂಡಿ ತಿರುಗುವುದಿಲ್ಲ ಎಂಬುದು ಸ್ಥಳದವರಿಗೇ ಗೊತ್ತು.

ಈ ಪುಟ್ಟ ಆಪಲ್‌ಬಿಯ ಕಥೆಯೇ ಒಂದು ಪಾಠ. ಒಂದು ಕಾಲಕ್ಕೆ ಇದು ವೆಸ್ಟ್‌ಮರ್‌ಲ್ಯಾಂಡ್ ಕೌಂಟಿಯ ಮುಖ್ಯ ಪಟ್ಟಣ. ಇಲ್ಲಿಂದ 1781ರಲ್ಲಿ ಪಾರ್ಲಿಮೆಂಟನ್ನು ಹೊಕ್ಕ ಕಿರಿಯ ಪಿಟ್, 1783ರಲ್ಲಿ ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪ್ರಧಾನಿಯಾದ. ಆದರೆ ಆಗ ಅಲ್ಲಿ ಗೆಲ್ಲಲು ಊರವರ ಮನಸ್ಸು ಬೇಕಾಗಿರಲಿಲ್ಲ. ಧಣಿಗಳ ಕೃಪೆ ಸಾಕಾಗಿತ್ತು. 1832ರ ಸುಧಾರಣೆ ಆ ಪ್ರಾತಿನಿಧ್ಯವನ್ನು ಕಿತ್ತುಕೊಂಡಿತು. 1974ರಲ್ಲಿ ವೆಸ್ಟ್‌ಮರ್‌ಲ್ಯಾಂಡ್ ಕೌಂಟಿಯೇ ನಕ್ಷೆಯಿಂದ ಅಳಿಸಿಹೋಗಿ, ನೆರೆಯ ಕಂಬರ್‌ಲ್ಯಾಂಡ್ ಮತ್ತು ಇತರ ತುಂಡುಗಳೊಡನೆ ಕಂಬ್ರಿಯವಾಯಿತು. ಆಗ ಊರವರು ಮಾಡಿದ್ದೇನು ಬಲ್ಲಿರಾ? ತಮ್ಮ ಊರಿನ ಹೆಸರನ್ನೇ 'ಆಪಲ್‌ಬಿ-ಇನ್-ವೆಸ್ಟ್‌ಮರ್‌ಲ್ಯಾಂಡ್' ಎಂದು ಬದಲಿಸಿಕೊಂಡರು. ಕೌಂಟಿ ಹೋದರೂ ಹೆಸರು ಹೋಗಬಾರದೆಂಬ ಹಟ.

2023ರ ಏಪ್ರಿಲ್ 1ರಂದು ಚಕ್ರ ಮತ್ತೊಂದು ಸುತ್ತು ತಿರುಗಿತು. ಕಂಬ್ರಿಯದ ಕೌಂಟಿ ಕೌನ್ಸಿಲನ್ನೂ ಆರು ಡಿಸ್ಟ್ರಿಕ್ಟುಗಳನ್ನೂ ರದ್ದುಮಾಡಿ ಎರಡೇ ಸಭೆಗಳನ್ನು ಸ್ಥಾಪಿಸಿದರು. ಈಡನ್ ಸೇರಿದ್ದು 'ವೆಸ್ಟ್‌ಮರ್‌ಲ್ಯಾಂಡ್ ಮತ್ತು ಫರ್ನೆಸ್' ಎಂಬ ಸಭೆಗೆ. 49 ವರ್ಷಗಳ ವನವಾಸ ಮುಗಿಸಿ ಹಳೆಯ ಹೆಸರು ಮನೆಗೆ ಮರಳಿತು! ಈಗ ಕಸ ಎತ್ತುವವರೂ ಅವರೇ, ವಿಲೇವಾರಿ ಮಾಡುವವರೂ ಅವರೇ. ಶಾಲೆಗೂ ರಸ್ತೆಗೂ ಕರಕ್ಕೂ ಒಂದೇ ಬಾಗಿಲು. ಮನೆಯವನ ಗೊಂದಲ ತಗ್ಗಿತು ಎನ್ನಬಹುದು.

ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕ ಹಾಕಬೇಕು. ಹೊಸ ಸಭೆಯ 65 ಸದಸ್ಯರು 2,26,000ಕ್ಕೂ ಮಿಕ್ಕ ಜನರನ್ನು ಪ್ರತಿನಿಧಿಸುತ್ತಾರೆ. ಹಳೆಯ ಈಡನ್ನಿನಲ್ಲಿ ಅದರ ಕಾಲುಭಾಗದಷ್ಟು ಜನರಿಗೆ 38 ಮಂದಿ ಇದ್ದರು. ಜಲಾಂತರ್ಗಾಮಿ ಹಡಗುಗಳನ್ನು ಕಟ್ಟುವ ಕಡಲತೀರದ ಬ್ಯಾರೋ ನಗರವೂ, ಹಿಮ ಬಿದ್ದರೆ ದಾರಿ ಕಟ್ಟುವ ಆಲ್‌ಸ್ಟನ್ ಪೇಟೆಯೂ ಈಗ ಒಂದೇ ಸಭೆಯ ಮಕ್ಕಳು. ಆಲ್‌ಸ್ಟನ್ನಿನವನ ಕಷ್ಟ ಬ್ಯಾರೋದವನಿಗೆ ತಾನಾಗಿ ತಿಳಿಯುವುದಿಲ್ಲ. ಹೇಳಬೇಕು, ಹೇಳಲು ದೂರ ಹೋಗಬೇಕು. ಅದೇ ವರ್ಷ ನಾರ್ತ್ ಯಾರ್ಕ್‌ಷೈರ್ ಮತ್ತು ಸಾಮರ್‌ಸೆಟ್‌ಗಳಲ್ಲಿಯೂ ಇಂತಹ ವಿಲೀನ ನಡೆಯಿತು. ಮಿಕ್ಕ ಕಡೆಯೂ ಎರಡು ಮೆಟ್ಟಿಲಿನ ಪದ್ಧತಿಯನ್ನು ಕೊನೆಗಾಣಿಸುವ ಉದ್ದೇಶವನ್ನು ಅಲ್ಲಿನ ಸರ್ಕಾರ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಈ ಎಲ್ಲ ಅದಲುಬದಲಿನಲ್ಲಿ ಅಲ್ಲಾಡದೆ ಉಳಿದದ್ದು ಯಾವುದು? ಎಲ್ಲರಿಗಿಂತ ಕಡಿಮೆ ಅಧಿಕಾರವಿರುವ ಪ್ಯಾರಿಷ್. 1974ರಲ್ಲಿಯೂ ಉಳಿಯಿತು, 2023ರಲ್ಲಿಯೂ ಉಳಿಯಿತು. ಅಷ್ಟೇ ಅಲ್ಲ, ಬಹುಕಾಲ ಇಂತಹ ಸಭೆಯಿಲ್ಲದಿದ್ದ ಪೆನ್ರಿತ್ ಪಟ್ಟಣ 2015ರಲ್ಲಿ ತನಗೊಂದು ಪಟ್ಟಣ ಕೌನ್ಸಿಲನ್ನು ಹೊಸದಾಗಿ ಪಡೆದುಕೊಂಡಿತು. ಮೇಲಿನ ಸಭೆ ದೊಡ್ಡದಾದಷ್ಟೂ ಕೆಳಗಿನ ಸಭೆಯ ಅಗತ್ಯ ಹೆಚ್ಚುತ್ತದೆ ಎಂಬುದಕ್ಕೆ ಇದೇ ನಿದರ್ಶನವೆಂದು ನನ್ನ ಭಾವನೆ.

ಆಡಳಿತ ದೊಡ್ಡದಾದರೆ ಖರ್ಚು ಉಳಿಯಬಹುದು, ತಜ್ಞರು ದೊರೆಯಬಹುದು. ಚಿಕ್ಕದಾದರೆ ಕಿವಿ ಹತ್ತಿರವಿರುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವ ಸೂತ್ರವನ್ನು ನೂರ ಮೂವತ್ತು ವರ್ಷಗಳಿಂದ ಚುನಾಯಿತ ಸಭೆಗಳನ್ನು ನಡೆಸಿಕೊಂಡು ಬಂದ ಆ ಹಳ್ಳಿಗರೂ ಇನ್ನೂ ಹುಡುಕುತ್ತಿದ್ದಾರೆ. ಕಚೇರಿಯ ಫಲಕ ಎಷ್ಟು ಬಾರಿಯಾದರೂ ಬದಲಾಗಲಿ. ವರ್ಷಕ್ಕೊಮ್ಮೆ ಊರಿನ ಮಂದಿರದಲ್ಲಿ ಕುರ್ಚಿ ಹಾಕಿ, ಬಂದವರ ಪ್ರಶ್ನೆಗೆ ಎದುರು ಕುಳಿತು ಉತ್ತರ ಹೇಳುವ ಆ ವಾಡಿಕೆಯನ್ನು ಮಾತ್ರ ಅವರು ಬಿಟ್ಟಿಲ್ಲ.