ಮನೆಗೊಂದು ಟೆರಿಯರ್ ನಾಯಿ

ಇವತ್ತು ಅಡಿಕೆ, ಭತ್ತದ ಮಾತಿಲ್ಲ, ನಾಯಿಯ ಮಾತು. ಮಂಗಳೂರು ಪೇಟೆಯ ನೆಂಟರ ಮನೆಯಲ್ಲಿ ಟೆರಿಯರ್ ಎಂಬ ಸಣ್ಣ ಜಾತಿಯ ನಾಯಿಯನ್ನು ನೀವು ಕಂಡಿರಬಹುದು. "ಹೆಗ್ಗಣ ಹಿಡಿಯುತ್ತದಂತೆ, ನಾವೂ ಒಂದು ಮರಿ ತರಬಹುದೋ?" ಎಂದು ಕೇಳುವವರಿದ್ದಾರೆ. ತರಬಹುದು. ಆದರೆ ಅದರ ಗುಣ ತಿಳಿದು ತನ್ನಿ.

ಹಳೆಯ ಗ್ರಾಮಫೋನ್ ತಟ್ಟೆಯ ಮೇಲೆ ಕೊಳವೆಗೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ ಹಿರಿಯರಿಗೆ ನೆನಪಿರಬಹುದು. ಅದರ ಹೆಸರು ನಿಪ್ಪರ್. ಇಂಗ್ಲೆಂಡಿನದು, ಟೆರಿಯರ್ ರಕ್ತದ್ದು. ಲ್ಯಾಟಿನ್ ಭಾಷೆಯಲ್ಲಿ 'ಟೆರ್ರಾ' ಎಂದರೆ ನೆಲ. ನೆಲದ ಬಿಲಕ್ಕೆ ನುಗ್ಗಿ ನರಿ, ಇಲಿಗಳನ್ನು ಹೊರಗಟ್ಟಲೆಂದು ಬೆಳೆಸಿದ ನಾಯಿಗಳಿವು. ಫಾಕ್ಸ್ ಟೆರಿಯರ್ ತೂಗುವುದು 7-8 ಕಿಲೋ ಮಾತ್ರ. ಗಾತ್ರ ಕಂಡು ಪಾಪದ್ದು ಎನ್ನಬೇಡಿ! ಕಟ್ಟಿಯೇ ಹಾಕಿದರೆ ದಿನವಿಡೀ ಬೊಗಳುತ್ತದೆ. ಸುಮ್ಮನೆ ಬಿಟ್ಟರೆ ಅಡಿಕೆ ಸಸಿಯ ಬುಡ ಕೆದರುತ್ತದೆ. ಬೆಳಿಗ್ಗೆ, ಸಂಜೆ ಚೆನ್ನಾಗಿ ಓಡಾಡಿಸಬೇಕು. ಕೋಳಿ ಸಾಕಿದವರು ಮರಿಯಿರುವಾಗಲೇ ಕೋಳಿಗಳ ಜೊತೆ ಬಳಕೆ ಮಾಡಿಸಿ. ತೆಂಗಿನ ತುದಿಯ ಇಲಿ ಮಾತ್ರ ಇದಕ್ಕೆ ಸಿಗದು. ಅದಕ್ಕೆ ಕಾಂಡಕ್ಕೆ ತಗಡು ಸುತ್ತುವುದೇ ದಾರಿ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಇಲಿಪಾಷಾಣವನ್ನೂ ಇಟ್ಟು, ಟೆರಿಯರನ್ನೂ ಬಿಡುವುದು ಸಲ್ಲದು. ವಿಷವನ್ನು ನೇರವಾಗಿ ತಿನ್ನಬೇಕೆಂದಿಲ್ಲ, ವಿಷ ತಿಂದ ಇಲಿಯನ್ನು ತಿಂದರೂ ನಾಯಿ ಸಾಯಬಹುದು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ. ಒಣಗಲು ಹರಡಿದ ಕೊಕ್ಕೊ ಬೀಜವೂ ನಾಯಿಗೆ ವಿಷವೇ. ನಮಗೆ ಚಾಕಲೇಟು ಆಗುವ ವಸ್ತು ಅದಕ್ಕೆ ಆಗದು.

ವಿಷವಿಡದ ಮನೆಯಲ್ಲೂ ಇಲಿಜ್ವರದ ಭಯ ಇದ್ದೇ ಇದೆ. ನಮ್ಮ ಮಳೆಗಾಲ ಗೊತ್ತಲ್ಲ? ಇಲಿಯ ಮೂತ್ರ ಕೆಸರಿಗೆ ಸೇರುತ್ತದೆ, ಬಿಲ ತೋಡುವ ನಾಯಿ ಅದರಲ್ಲೇ ಮೂತಿ ಇಡುತ್ತದೆ. ಊಟ ಬಿಟ್ಟಿತು, ವಾಂತಿ ಮಾಡಿತು, ಕಣ್ಣು ಹಳದಿಯಾಯಿತು ಎಂದರೆ ನಾಳೆಗೆ ಕಾಯಬೇಡಿ, ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಅಂಥ ನಾಯಿಯ ಮೂತ್ರದಿಂದ ಮನೆಯವರಿಗೂ ರೋಗ ತಗಲಬಹುದು. ಅದು ಮಲಗುವ ಜಾಗವನ್ನು ಬರಿಗೈ, ಬರಿಗಾಲಲ್ಲಿ ತೊಳೆಯಬೇಡಿ. ಗಾಯವಿದ್ದವರಂತೂ ಹತ್ತಿರ ಸುಳಿಯುವುದೇ ಬೇಡ.

ಇದಕ್ಕೆ ಲಸಿಕೆಯಿದೆ. ಸುಮಾರು 2 ತಿಂಗಳ ಮರಿಗೆ ಮೊದಲನೆಯದು, 3-4 ವಾರ ಬಿಟ್ಟು ಎರಡನೆಯದು, ಮುಂದೆ ವರ್ಷಕ್ಕೊಮ್ಮೆ. ಹುಚ್ಚುನಾಯಿ ರೋಗದ ಲಸಿಕೆ ಬೇರೆ; ಅದನ್ನು 3 ತಿಂಗಳಿಗೆ ಚುಚ್ಚಿಸಿ, ಮುಂದಿನ ದಿನಾಂಕವನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. "ಒಂದು ಸೂಜಿ ಆಯ್ತಲ್ಲ, ಸಾಕು" ಎನ್ನಬೇಡಿ ಮಾರಾಯ್ರೇ. 1885ರಲ್ಲಿ ಪಾಶ್ಚರ್ ಮೊದಲು ಒಬ್ಬ ಹುಡುಗನಿಗೆ ಈ ರೋಗದ ಲಸಿಕೆ ಕೊಟ್ಟರು. ಇಂದಿಗೂ ರೋಗ ತಲೆಗೇರಿದ ಮೇಲೆ ಉಳಿಸುವ ಮದ್ದಿಲ್ಲ. ನಾಯಿ ಯಾರನ್ನಾದರೂ ಕಚ್ಚಿದರೆ ಗಾಯಕ್ಕೆ ಸುಣ್ಣ, ಅರಸಿನ ಮೆತ್ತದೆ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಊಟದ ಚಿಂತೆ ದೊಡ್ಡದಲ್ಲ. ಕುಚ್ಚಲಕ್ಕಿ ಅನ್ನ, ಮುಳ್ಳು ತೆಗೆದ ಬೇಯಿಸಿದ ಮೀನು, ಒಂದು ಮೊಟ್ಟೆ ಆದೀತು. ಉಪ್ಪು, ಖಾರ, ನೀರುಳ್ಳಿ ಮಾತ್ರ ಬೇಡ. ಮಳೆಯಲ್ಲಿ ನೆನೆದು ಬಂದರೆ ಗೋಣಿಯಿಂದ ಒರೆಸಿ, ಕಿವಿಯೊಳಗೂ ಬೆರಳ ಸಂದಿಯಲ್ಲೂ ಉಣ್ಣಿ ಕೂತಿದೆಯೋ ನೋಡಿ. ಚಿಮುಟದಿಂದ ಬುಡ ಹಿಡಿದು ನೇರ ಎಳೆಯಬೇಕು. ಸೀಮೆಎಣ್ಣೆ ಹಚ್ಚಿದರೆ ಚರ್ಮ ಸುಡುತ್ತದೆ.